ಮಂಡಿ ನೋವಿನ ಮಾತ್ರೆಗೆ ಹೊಟ್ಟೆ ಯಾಕೆ ಉರಿಯುತ್ತೆ?

ಅಮ್ಮನಿಗೆ ಮಂಡಿ ಊತ, ಡೈಕ್ಲೋಫೆನಾಕ್ ತಗೊಂಡರೆ ನೋವು ಇಳಿಯುತ್ತೆ, ಆದರೆ ಊಟ ಆದ ಮೇಲೆ ನುಂಗಿದರೂ ಹೊಟ್ಟೆ ಉರಿ ಯಾಕೆ ಅಂತ ಕೇಳಿದ್ದೀರಿ. ನಾನು ಫಾರ್ಮಸಿಸ್ಟ್. ನನ್ನ ಕೌಂಟರಿಗೂ ಈ ಪ್ರಶ್ನೆ ಆಗಾಗ ಬರುತ್ತೆ.

ಮಂಡಿಯಲ್ಲಿ ಏನಾಗುತ್ತೆ ನೋಡಿ. ಕೀಲು ಸವೆದು ಅಲ್ಲಿನ ಕೋಶಗಳಿಗೆ ಪೆಟ್ಟಾದಾಗ, ಅವುಗಳ ಪೊರೆಯಿಂದ ಅರಾಕಿಡಾನಿಕ್ ಆಮ್ಲ ಅನ್ನೋ ಕೊಬ್ಬಿನಂಶ ಹೊರಬರುತ್ತೆ. ಕಾಕ್ಸ್ ಅನ್ನೋ ಕಿಣ್ವದ ಕೈಗೆ ಅದು ಸಿಕ್ಕರೆ ಪ್ರೋಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ತಯಾರಾಗುತ್ತೆ. ಇದು ರಕ್ತನಾಳಗಳನ್ನು ಹಿಗ್ಗಿಸುತ್ತೆ. ಮಂಡಿ ಮುಟ್ಟಿದರೆ ಬೆಚ್ಚಗಿರೋದು, ಉಬ್ಬಿಕೊಳ್ಳೋದು ಅದಕ್ಕೇ. ನರದ ತುದಿಗಳನ್ನೂ ಕೆಣಕಿಟ್ಟಿರುತ್ತೆ, ಹಾಗಾಗಿ ಒಂದು ಮೆಟ್ಟಿಲು ಹತ್ತಿದರೂ ಚುಚ್ಚುತ್ತೆ. ಡೈಕ್ಲೋಫೆನಾಕ್ ಹೋಗಿ ಆ ಕಿಣ್ವದ ಬಾಗಿಲಿಗೆ ಅಡ್ಡ ಕೂರುತ್ತೆ. ಊತ, ನೋವು ಎರಡೂ ಇಳಿಯುತ್ತವೆ. ಸವೆದ ಕೀಲು ಮಾತ್ರ ಸವೆದೇ ಇರುತ್ತೆ.

ತೊಂದರೆ ಏನಂದ್ರೆ, ಮಂಡಿಯಲ್ಲಿ ನೋವು ಕೊಡೋ ಪ್ರೋಸ್ಟಾಗ್ಲಾಂಡಿನ್ನೇ ಹೊಟ್ಟೆಗೆ ಕಾವಲು. ಒಳಗೋಡೆಗೆ ಲೋಳೆ ಹಚ್ಚಿಸಿ ಆಮ್ಲ ತಾಗದ ಹಾಗೆ ನೋಡಿಕೊಳ್ಳುತ್ತೆ. ಮಾತ್ರೆ ರಕ್ತ ಸೇರಿ ಮೈಯೆಲ್ಲಾ ಓಡಾಡೋದರಿಂದ ಆ ಕಾವಲೂ ತಗ್ಗುತ್ತೆ. ಊಟ ಮಾಡಿ ನುಂಗಿದರೆ ತಕ್ಷಣದ ಉರಿ ಸ್ವಲ್ಪ ಕಡಿಮೆ ಆಗಬಹುದು, ಅಷ್ಟೇ. ಇಂಜೆಕ್ಷನ್ ತಗೊಂಡವರಿಗೂ ಹುಣ್ಣಾಗೋದು ಇದೇ ಕಾರಣಕ್ಕೆ.

ಇಂಥ ಔಷಧ ಹೀಗೆ ಕೆಲಸ ಮಾಡುತ್ತೆ ಅಂತ ತೋರಿಸಿದ್ದು ಲಂಡನ್ನಿನ ವಿಜ್ಞಾನಿ ಜಾನ್ ವೇನ್, 1971ರಲ್ಲಿ, ಇದೇ ಗುಂಪಿನ ಆಸ್ಪಿರಿನ್ ಇಟ್ಟುಕೊಂಡು. 1982ರಲ್ಲಿ ನೊಬೆಲ್ ಬಂತು. ಆಮೇಲೆ ಕಾಕ್ಸ್‌ನಲ್ಲಿ ಎರಡು ಬಗೆ ಇದೆ ಅಂತ ಗೊತ್ತಾಯಿತು: ಹೊಟ್ಟೆ ಕಾಯೋದರಲ್ಲಿ ಒಂದನೆಯದರ ಪಾಲು ಜಾಸ್ತಿ, ಊತದ ಜಾಗದಲ್ಲಿ ಎರಡನೆಯದು ಏರುತ್ತೆ. ಎರಡನೆಯದನ್ನೇ ಗುರಿ ಮಾಡಿದ ಮಾತ್ರೆಗಳೂ ಬಂದವು. ಹೊಟ್ಟೆಗೆ ಹಗುರ, ಆದರೆ ಅವುಗಳಲ್ಲಿ ಒಂದಾದ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯ ಹೆಚ್ಚಿಸುತ್ತೆ ಅಂತ 2004ರಲ್ಲಿ ಮಾರುಕಟ್ಟೆಯಿಂದ ವಾಪಸಾಯಿತು. ಡೈಕ್ಲೋಫೆನಾಕ್‌ನಿಂದಲೂ ಹೃದಯಕ್ಕೆ ಅಪಾಯ ಇದೆ, ಸುಮ್ನೆ ತಿಂಗಳುಗಟ್ಟಲೆ ನುಂಗೋ ಮಾತ್ರೆ ಅಲ್ಲ ಅದು.

ಒಮ್ಮೆ ಒಬ್ಬರು ಅಜ್ಜ ಖಾಲಿ ಸ್ಟ್ರಿಪ್ ಹಿಡಿದು ಬಂದು "ಇದೇ ಇನ್ನೊಂದು ಕೊಡಪ್ಪ" ಅಂದರು. ಮುಖ ಬಿಳಿಚಿಕೊಂಡಿತ್ತು. ವಿಚಾರಿಸಿದರೆ, ನಾಲ್ಕು ದಿನದಿಂದ ಮಲ ಟಾರಿನ ಹಾಗೆ ಕಪ್ಪಗೆ ಹೋಗ್ತಿದೆ ಅಂದರು. ಒಳಗೆ ರಕ್ತ ಸೋರುತ್ತಿರೋ ಲಕ್ಷಣ ಅದು. ಮಾತ್ರೆ ಕೊಡಲಿಲ್ಲ, ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ.

ಅಮ್ಮನಿಗೆ ಹಾಗೇನಾದರೂ ಕಂಡರೆ ಒಂದು ದಿನವೂ ಕಾಯಬೇಡಿ. ಇಲ್ಲದಿದ್ದರೂ ಈ ವಾರವೇ ಡಾಕ್ಟರ್ ಹತ್ತಿರ ಹೋಗಿ, ಆಮ್ಲ ತಗ್ಗಿಸೋ ಮಾತ್ರೆ ಜೊತೆಗೆ ಬೇಕಾ, ಇದರ ಬದಲು ಮಂಡಿಗೆ ಹಚ್ಚೋ ಜೆಲ್ ಸಾಕಾ ಅಂತ ಕೇಳಿ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದರೆ, ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ತಿದ್ದರೆ ಅದನ್ನು ಮೊದಲೇ ಹೇಳಿಬಿಡಿ.