ಅಪ್ಪನ ಹಳೇ 800ರಲ್ಲೇ ಕಲಿಯಿರಿ, ಆದರೆ ಮೊದಲು ನಿಲ್ಲಿಸೋದನ್ನು ಕಲಿಯಿರಿ

ನೀವು ಕೇಳಿರೋದು ಇಷ್ಟು: ಡ್ರೈವಿಂಗ್ ಸ್ಕೂಲಿನ ಹೊಸ ಕಾರನ್ನು ಸಲೀಸಾಗಿ ಓಡಿಸ್ತೀರಿ, ಮನೆಯಲ್ಲಿರೋ ಅಪ್ಪನ 1997ರ ಮಾರುತಿ 800 ಹತ್ತಿದರೆ ಮಾತ್ರ ಸಿಗ್ನಲ್ಲಿನಲ್ಲಿ ಪದೇ ಪದೇ ಆಫ್ ಆಗುತ್ತೆ, ಹಿಂದಿನವರು ಹಾರ್ನ್ ಹೊಡೀತಾರೆ. ಎಲ್‌ಎಲ್‌ಆರ್ ಕೈಯಲ್ಲಿದೆ. ಇದರಲ್ಲೇ ಕೈ ಕೂರಿಸಿಕೊಳ್ಳೋದಾ, ಮಾರಿ ಬೇರೆ ತಗೊಳ್ಳೋದಾ ಅಂತ. ನಾನೂ ದಾವಣಗೆರೆಯವನೇ, ಇದೇ ಕಾಲದ 800 ಇಟ್ಟುಕೊಂಡು ದಿನಾ ಓಡಾಡೋನು. ಮಾರಬೇಡಿ. ಆಫ್ ಆಗೋದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಲೂ ಬೇಡಿ. ನಿಮ್ಮ ಪ್ರಶ್ನೆಯಲ್ಲಿ ಬ್ರೇಕಿನ ಮಾತೇ ಇಲ್ಲವಲ್ಲ, ನನಗೆ ಅದರದ್ದೇ ಯೋಚನೆ.

ಆಫ್ ಆಗೋ ವಿಷಯ ಮೊದಲು ಮುಗಿಸ್ತೀನಿ. 800ರದ್ದು 796 ಸಿಸಿಯ ಮೂರು ಸಿಲಿಂಡರ್ ಇಂಜಿನ್. 2000ದ ಹೊತ್ತಿಗೆ ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸೋ ವ್ಯವಸ್ಥೆ) ಬರೋ ತನಕ, ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡೋ ಕಾರ್ಬುರೇಟರ್ ಇತ್ತು, ನಿಮ್ಮದೂ ಅದೇ. ಈಗಿನ ಕಾರಿನಲ್ಲಿ ಕ್ಲಚ್ ಬಿಡುವಾಗ ಇಂಜಿನ್ ಕುಸಿದರೆ ಒಳಗಿರೋ ಕಂಪ್ಯೂಟರ್ ತಾನೇ ಒಂಚೂರು ಎತ್ತಿ ಕೊಡುತ್ತೆ. ಕಾರ್ಬುರೇಟರ್ ಕಾರಿನಲ್ಲಿ ಆ ಕೆಲಸ ನಿಮ್ಮ ಬಲಗಾಲಿನದು. ಮೊದಲು ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಇಂಜಿನ್ ಸದ್ದು ಏರಲಿ, ಆಮೇಲೆ ಕ್ಲಚ್ ನಿಧಾನಕ್ಕೆ ಬಿಡಿ. ಸದ್ದು ದಪ್ಪಗಾಗಿ ಬಾನೆಟ್ ತುಸು ಎದ್ದ ಹಾಗೆ ಅನಿಸಿದ ಕಡೆ ಪಾದ ಹಾಗೇ ಹಿಡಿಯಿರಿ, ಗಾಡಿ ಉರುಳಿದ ಮೇಲೆ ಪೂರ್ತಿ ಬಿಡಿ. ಹೀಲ್ಸ್ ಚಪ್ಪಲಿ ಹಾಕಿಕೊಂಡರೆ ಇದು ಗೊತ್ತಾಗಲ್ಲ, ತೆಳು ಅಟ್ಟೆಯ ಶೂ ಇರಲಿ. ಇಷ್ಟಾಗಿಯೂ ಆಫ್ ಆಗ್ತಿದ್ದರೆ ತಪ್ಪು ಕಾರಿನದ್ದೇ ಇರಬಹುದು: ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ತಿರುಗೋ ವೇಗ) ತೀರಾ ಕಡಿಮೆ ಇರಬಹುದು, ಕ್ಲಚ್ ಪ್ಲೇಟ್ ಸವೆದು ಪೆಡಲ್ ಪೂರಾ ಮೇಲೆ ಬಂದಾಗಷ್ಟೇ ಹಿಡೀತಿರಬಹುದು. ಮೆಕ್ಕಾನಿಕ್ ಹತ್ತಿರ ಒಂದು ಸಲ ತೋರಿಸಿ, ನಿಮ್ಮನ್ನು ನೀವೇ ಬೈದುಕೊಳ್ಳೋದು ಆಮೇಲೆ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡೋಕೆ ಎಳೆಯೋ ಚೋಕ್ ನಮ್ಮೂರಲ್ಲಿ ಡಿಸೆಂಬರ್, ಜನವರಿ ಬೆಳಗ್ಗೆ ಬಿಟ್ಟರೆ ಬೇಕಾಗೋದೇ ಅಪರೂಪ. ಎಳೆದರೆ ಇಂಜಿನ್ ಬಿಸಿಯಾದ ಮೇಲೆ ಒಳಗೆ ತಳ್ಳೋದನ್ನು ಮರೆಯಬೇಡಿ.

ಈಗ ಬ್ರೇಕ್. ನಮ್ಮಲ್ಲಿ ಎಲ್ಲ ಹೊಸ ಕಾರಿಗೂ ಎಬಿಎಸ್ (ಜೋರಾಗಿ ಬ್ರೇಕ್ ತುಳಿದರೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋ ವ್ಯವಸ್ಥೆ) ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಲ್ಲಿ. ಸ್ಕೂಲಿನ ಕಾರಿನಲ್ಲಿ ಎದುರಿಗೆ ನಾಯಿ ಬಂದರೆ ಜೋರಾಗಿ ತುಳೀತೀರಿ, ಕಾರು ನೇರ ನಿಲ್ಲುತ್ತೆ. 800ರಲ್ಲಿ ಎಬಿಎಸ್ ಇಲ್ಲ, ಹಾಗೆ ತುಳಿದರೆ ವೀಲ್ ಲಾಕ್ ಆಗಿ ಟೈರ್ ಉಜ್ಜಿಕೊಂಡು ಹೋಗುತ್ತೆ, ಸ್ಟೇರಿಂಗ್ ಎತ್ತ ತಿರುಗಿಸಿದರೂ ಕಾರು ಕೇಳಲ್ಲ. ಆಗ ಮನಸ್ಸಿಗೆ ಒಗ್ಗದೇ ಇದ್ದರೂ ಬ್ರೇಕಿನಿಂದ ಕಾಲು ಸ್ವಲ್ಪ ಸಡಿಲಿಸಬೇಕು. ಚಕ್ರ ಉರುಳಿದ ಕೂಡಲೇ ಸ್ಟೇರಿಂಗ್ ಮತ್ತೆ ಮಾತು ಕೇಳುತ್ತೆ, ಮತ್ತೆ ಒತ್ತಿ. ಇದನ್ನು ಓದಿ ಕಲಿಯೋಕಾಗಲ್ಲ. ಶಾಮನೂರು ಕಡೆ, ಹದಡಿ ರಸ್ತೆ ಕಡೆ ಇನ್ನೂ ಮನೆ ಏಳದ ಲೇಔಟ್‌ಗಳಿವೆಯಲ್ಲ, ಭಾನುವಾರ ಬೆಳಗ್ಗೆ ಅಂಥ ಕಡೆ ಹೋಗಿ. ರಸ್ತೆ ಅಂಚಿಗೆ ಒಂದು ಇಟ್ಟಿಗೆ ಇಡಿ. 30ರಲ್ಲಿ ಬಂದು ಬಂಪರ್ ಇಟ್ಟಿಗೆಯ ನೇರಕ್ಕೆ ಬರೋ ಹಾಗೆ ನಿಲ್ಲಿಸಿ. ಅದು ಕೂತ ಮೇಲೆ 40ರಲ್ಲಿ.

ಅಕ್ಕನ ಮಗಳಿಗೆ ನಾನು ಕಲಿಸಿದ್ದು ಹೀಗೇ. ಎಲ್ಲ ಹೊಸಬರ ಹಾಗೆ ಅವಳೂ ಇಟ್ಟಿಗೆ ಕಂಡ ತಕ್ಷಣ ಮೊದಲು ಕ್ಲಚ್ ತುಳೀತಿದ್ದಳು. ಕ್ಲಚ್ ತುಳಿದ ಕೂಡಲೇ ಇಂಜಿನ್ನಿನ ಹಿಡಿತ ತಪ್ಪಿ ಕಾರು ಮುಂದಕ್ಕೆ ಜಾರಿದ ಹಾಗಾಗುತ್ತೆ, ಬ್ರೇಕ್ ಒಂದೇ ಎಲ್ಲ ಹೊರಬೇಕು. ಮೊದಲು ಬ್ರೇಕ್, ಇನ್ನೇನು ನಿಲ್ಲುತ್ತೆ ಅನ್ನುವಾಗ ಕ್ಲಚ್ ಅಂದೆ. "ಮಾಮ, ಆಫ್ ಆಗಿಬಿಟ್ರೆ?" ಅಂದಳು. "ಆಗ್ಲಿ ಬಿಡು, ನಿಂತಿತಲ್ಲ" ಅಂದೆ. ಅವತ್ತಿಂದ ಆಫ್ ಆಗೋ ಭಯ ಹೋಯ್ತು, ಸಿಗ್ನಲ್ಲಿನಲ್ಲಿ ಆಫ್ ಆಗೋದೂ ತಾನಾಗೇ ಕಡಿಮೆ ಆಯ್ತು.

ಇನ್ನೊಂದು ಗೊತ್ತಿರಲಿ. ನಿಮ್ಮ ಕಾರಿನಲ್ಲಿ ಬ್ರೇಕ್ ಬೂಸ್ಟರ್ (ನಿಮ್ಮ ಕಾಲಿನ ಬಲಕ್ಕೆ ಬಲ ಕೂಡಿಸೋ ಭಾಗ) ಇದ್ದರೆ, ಅದು ಕೆಲಸ ಮಾಡೋದು ಇಂಜಿನ್ ಎಳೆಯೋ ವ್ಯಾಕ್ಯೂಮ್‌ನಿಂದ. ಇಂಜಿನ್ ಆಫ್ ಆದ ಮೇಲೆ ಒಂದೆರಡು ಸಲ ಒತ್ತೋವಷ್ಟು ಉಳಿದಿರುತ್ತೆ, ಆಮೇಲೆ ಪೆಡಲ್ ಕಲ್ಲಾಗುತ್ತೆ. ಬ್ರೇಕ್ ಫೇಲ್ ಆಯ್ತು ಅಂತ ಹೆದರಬೇಡಿ, ಇನ್ನೂ ತುಂಬ ಜೋರಾಗಿ ಬಲ ಹಾಕಿದರೆ ಹಿಡಿಯುತ್ತೆ. ಪೆಟ್ರೋಲ್ ಉಳಿಸ್ತೀನಿ ಅಂತ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಬಿಡೋ ಹಳೇ ಚಟ ನಿಮ್ಮ ಅಪ್ಪನಿಗಿದ್ದರೆ, ಅದೊಂದನ್ನು ಅವರಿಂದ ಕಲಿಯಬೇಡಿ.

ಬ್ರೇಕಿನ ಬಗ್ಗೆ ಇಷ್ಟು ಹೇಳೋದಕ್ಕೆ ನಮ್ಮ ಕಡೆ ರಸ್ತೆಗಳೇ ಕಾರಣ. ಕೊಯ್ಲಾದ ಮೇಲೆ ಜಗಳೂರು, ಹೊನ್ನಾಳಿ ಕಡೆ ಹೋಗಿ ನೋಡಿ, ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿರ್ತಾರೆ, ಸುತ್ತ ಕಲ್ಲು ಜೋಡಿಸಿರ್ತಾರೆ. ಹಗಲು ಪರವಾಗಿಲ್ಲ, ಕತ್ತಲಾದ ಮೇಲೆ ಆ ಕಲ್ಲು ಕಾಣೋದು ಹತ್ತಿರ ಬಂದಾಗಲೇ. ಕಾಳಿನ ಮೇಲೆ ಚಕ್ರ ಹತ್ತಿದಾಗ ಬ್ರೇಕ್ ಹಾಕಿದರೆ ನಮ್ಮ ಹನ್ನೆರಡು ಇಂಚಿನ ಸಣ್ಣ ಚಕ್ರ ಜಾರಿಬಿಡುತ್ತೆ. ಹತ್ತೋಕೆ ಮುಂಚೆಯೇ ವೇಗ ಇಳಿಸಿ, ಮೇಲೆ ಹೋಗುವಾಗ ಬ್ರೇಕೂ ಬೇಡ, ಸ್ಟೇರಿಂಗ್ ಎಳೆಯೋದೂ ಬೇಡ. ಹುರುಳಿ, ರಾಗಿ ಒಕ್ಕಣೆಗೆ ರಸ್ತೆ ಮೇಲೆ ಸೊಪ್ಪೆ ಹಾಕಿದ್ದರೆ ದಾಟಿದ ಮೇಲೆ ಇಳಿದು ಕಾರಿನ ಅಡಿ ನೋಡಿ. ಒಣ ಹುಲ್ಲು ಸೈಲೆನ್ಸರ್ ಪೈಪಿಗೆ ಸುತ್ತಿಕೊಂಡರೆ ಬಿಸಿಗೆ ಬೆಂಕಿ ಹತ್ತುತ್ತೆ.

ಹೈವೇಗೆ ಅವಸರ ಬೇಡ. ಚಿತ್ರದುರ್ಗ ಅರವತ್ತು ಕಿಲೋಮೀಟರ್ ಆಸುಪಾಸು, ರಸ್ತೆ ಅಗಲ, ಕಲಿಯೋರಿಗೆ ಸುಲಭ ಅನಿಸುತ್ತೆ. ಆದರೆ ಅರವತ್ತರ ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್, ನಿಮ್ಮ ಕಾಲು ಬ್ರೇಕಿಗೆ ಹೋಗೋಷ್ಟರಲ್ಲಿ ಅಷ್ಟು ದೂರ ಹೋಗಿರುತ್ತೆ. ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಬೇರೆ. ಜೊತೆಗೆ ಗಾಳಿ. ದುರ್ಗದ ಗುಡ್ಡಗಳ ಮೇಲೆ ಅಷ್ಟು ಗಾಳಿಯಂತ್ರ ನಿಲ್ಲಿಸಿರೋದು ಸುಮ್ಮನೆ ಅಲ್ಲ. ಮಳೆಗಾಲದ ಶುರುವಿನಲ್ಲಿ ಪಶ್ಚಿಮದಿಂದ ಬೀಸೋ ಗಾಳಿ ಆರುನೂರೈವತ್ತು ಕೆಜಿ ಆಸುಪಾಸಿನ ಈ ಕಾರನ್ನು ಪಕ್ಕಕ್ಕೆ ನೂಕುತ್ತೆ. ಲಾರಿ ಪಕ್ಕದಲ್ಲಿ ಹೋಗುವಾಗ ಗಾಳಿ ನಿಂತ ಹಾಗಿರುತ್ತೆ, ಲಾರಿ ದಾಟಿದ ಕ್ಷಣ ಒಮ್ಮೆಲೇ ಹೊಡೆಯುತ್ತೆ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ನೂಕಿದಾಗ ಜೋರಾಗಿ ಎದುರು ಎಳೆಯಬೇಡಿ, ಆಕ್ಸಿಲರೇಟರ್ ಸ್ವಲ್ಪ ಬಿಡಿ. ದುರ್ಗದ ಜೋಗಿಮಟ್ಟಿ ಗುಡ್ಡದ ಏರು ಇನ್ನೂ ಆಮೇಲೆ, ಹ್ಯಾಂಡ್ ಬ್ರೇಕ್ ಹಿಡಿದು ಏರಿನಲ್ಲಿ ಗಾಡಿ ಎತ್ತೋದು ಚೆನ್ನಾಗಿ ಬಂದ ಮೇಲೆ.

ಆಫ್ ಆಗಲೇಬಾರದ ಜಾಗ ಒಂದಿದೆ, ರೈಲ್ವೆ ಗೇಟ್. ಆಚೆ ಬದಿ ನಿಮ್ಮ ಕಾರು ಹಿಡಿಯೋವಷ್ಟು ಜಾಗ ಖಾಲಿ ಆಗೋ ತನಕ ಹಳಿ ಮೇಲೆ ಹೋಗಬೇಡಿ, ಹಿಂದಿನವರು ಎಷ್ಟೇ ಹಾರ್ನ್ ಹೊಡೀಲಿ. ಫಸ್ಟ್ ಗೇರಿನಲ್ಲೇ ಪೂರ್ತಿ ದಾಟಿ. ಅಪ್ಪಿತಪ್ಪಿ ನಿಂತು ಸ್ಟಾರ್ಟ್ ಆಗದಿದ್ದರೆ ಫಸ್ಟ್ ಗೇರ್ ಹಾಕಿ, ಕ್ಲಚ್ ಬಿಟ್ಟು, ಕೀ ತಿರುಗಿಸಿ ಹಿಡಿಯಿರಿ. ಸ್ಟಾರ್ಟರ್ ಮೋಟರಿನ ಬಲದಲ್ಲೇ ಕಾರು ಕುಂಟುತ್ತಾ ಹಳಿ ದಾಟುತ್ತೆ. ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗೋ ಹೊಸ ಕಾರುಗಳಲ್ಲಿ ಇದು ನಡೆಯಲ್ಲ. ರೈಲು ಬರ್ತಿದ್ದರೆ ಇದ್ಯಾವುದೂ ಬೇಡ, ಕಾರು ಬಿಟ್ಟು ಓಡಿ.

ರಸ್ತೆಗಿಳಿಸೋ ಮುಂಚೆ ಬ್ರೇಕ್ ಆಯಿಲ್, ಹಿಂದಿನ ಚಕ್ರದ ಬ್ರೇಕ್ ಒತ್ತೋ ವೀಲ್ ಸಿಲಿಂಡರ್ ಸೋರ್ತಿದೆಯಾ ನೋಡಿಸಿ. ಟೈರಿನ ಗ್ರಿಪ್ ಚೆನ್ನಾಗಿದೆ ಅಂತ ನಂಬಬೇಡಿ, ಟೈರಿನ ಪಕ್ಕದಲ್ಲಿ ಬರೆದಿರೋ ಡಾಟ್ (DOT) ಕೋಡಿನ ಕೊನೆಯ ನಾಲ್ಕು ಅಂಕಿ ಓದಿ: 2315 ಅಂತಿದ್ದರೆ 2015ರ 23ನೇ ವಾರದ್ದು, ಅಷ್ಟು ಹಳೇದು ಬದಲಿಸಿ. ಎಡಗಡೆ ಕನ್ನಡಿ ಇಲ್ಲದಿದ್ದರೆ ಹಾಕಿಸಿ, ಪಿಬಿ (ಪುಣೆ-ಬೆಂಗಳೂರು) ರಸ್ತೆಯಲ್ಲಿ ಬೈಕಿನವರು ನುಗ್ಗೋದು ಎಡದಿಂದಲೇ. ಹ್ಯಾಂಡ್ ಬ್ರೇಕ್ ಗಟ್ಟಿ ಹಿಡಿಯಲೇಬೇಕು. ಸ್ಕೂಲಿನ ಕಾರಿನಲ್ಲಿ ಗುರುಗಳ ಕಾಲಡಿಯೂ ಬ್ರೇಕ್ ಇತ್ತು, ಇಲ್ಲಿ ಪಕ್ಕ ಕೂರೋ ಅಪ್ಪನ ಕೈಗೆ ಸಿಗೋದು ಆ ಹ್ಯಾಂಡ್ ಬ್ರೇಕ್ ಒಂದೇ. ಎಲ್‌ಎಲ್‌ಆರ್ ಇರುವಾಗ ಲೈಸೆನ್ಸ್ ಇರೋರು ಪಕ್ಕದಲ್ಲಿ ಇರಲೇಬೇಕು, ಹಿಂದೆ ಮುಂದೆ ಕೆಂಪು ಎಲ್ ಬೋರ್ಡೂ ಬೇಕು.

ಕಾಗದಪತ್ರನೂ ನೋಡಿಕೊಳ್ಳಿ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ಐದು ವರ್ಷಕ್ಕೊಮ್ಮೆ ರಿನ್ಯೂವಲ್ ಆಗಬೇಕು. ಅದು, ಇನ್ಶೂರೆನ್ಸ್, ಎಮಿಷನ್ ಮೂರೂ ಸರಿ ಇದ್ದರೆ ಆರ್‌ಟಿಒ ಟೆಸ್ಟಿಗೂ ಇದೇ ಕಾರು ಒಯ್ಯಬಹುದು.