ಅಪ್ಪನಿಗೆ ಪ್ರಾಗ್ ರಾಕ್ ಕೇಳಿಸುವವರು ‘ಟಾರ್ಕಸ್’ನಿಂದ ಶುರು ಮಾಡಬೇಡಿ

ನಿಮ್ಮ ಪೋಸ್ಟ್ ನೋಡಿದೆ. ಅಪ್ಪನ ಅರವತ್ತನೇ ಹುಟ್ಟುಹಬ್ಬಕ್ಕೆ ಪ್ರಾಗ್ (ಪ್ರೋಗ್ರೆಸಿವ್ ರಾಕ್, ಉದ್ದುದ್ದ ಹಾಡು, ತಿರುಚು ತಾಳದ ರಾಕ್) ಹಾಡುಗಳಾದ ‘ಟಾರ್ಕಸ್’, ‘ಸಪ್ಪರ್ಸ್ ರೆಡಿ’, ‘ಕ್ಲೋಸ್ ಟು ದಿ ಎಡ್ಜ್’ ಮೂರನ್ನೂ ಸಾಲಾಗಿ ಹಾಕಿ ಪ್ಲೇಲಿಸ್ಟ್ ಮಾಡಿಕೊಟ್ಟೆ, ಹತ್ತೇ ನಿಮಿಷಕ್ಕೆ ಆಫ್ ಮಾಡಿ ವಾಪಸ್ ಈಗಲ್ಸ್ ಹಾಕಿಕೊಂಡರು, ಡ್ಯಾಡ್ ರಾಕ್, ಅಂದರೆ ಅಪ್ಪಂದಿರ ಕಾಲದ ಹಳೇ ರಾಕ್, ಕೇಳಿ ಕೇಳಿ ಅವರ ಕಿವಿ ಜಡ್ಡುಗಟ್ಟಿದೆ ಅಂತ ಬರೆದಿದ್ದೀರಲ್ಲ. ಓದಿ ನಗು ಬಂತು. ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ಇದೇ ಘನಕಾರ್ಯವನ್ನು ನಾನೂ ಮಾಡಿದ್ದೇನೆ. ಅಪ್ಪನಿಗಲ್ಲ, ಮಾವನಿಗೆ. ಅದೂ ಕಾರಿನಲ್ಲಿ.

ಪ್ರಾಗ್ ಮೇಲೋ ಡ್ಯಾಡ್ ರಾಕ್ ಮೇಲೋ ಅಂತ ಕಮೆಂಟುಗಳಲ್ಲಿ ನಡೆದಿರುವ ಜಗಳಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಮಾವ ಭದ್ರಾವತಿಯಲ್ಲಿ ಮೂವತ್ತು ವರ್ಷ ಕಾರ್ಖಾನೆಯಲ್ಲಿದ್ದವರು. ಡೈರ್ ಸ್ಟ್ರೇಟ್ಸ್, ಈಗಲ್ಸ್, ಸಿಸಿಆರ್ (ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್) ಬ್ಯಾಂಡುಗಳ ಕ್ಯಾಸೆಟ್ಟುಗಳನ್ನು ಇವತ್ತಿಗೂ ಬೀರುವಿನಲ್ಲಿ ಪಂಚೆ ಸುತ್ತಿ ಇಟ್ಟಿದ್ದಾರೆ. ರಾಮೋತ್ಸವ ಬಂದರೆ ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ತೊಡೆ ಮೇಲೆ ತಾಳ ಹಾಕುತ್ತಾರೆ. ಇಂಥ ಕಿವಿಗೆ ಯೆಸ್ ಅನ್ನುವ ಪ್ರಾಗ್ ಬ್ಯಾಂಡ್ ಹಿಡಿಸದೇ ಇರುತ್ತದಾ ಅಂತ ನನ್ನ ಲೆಕ್ಕ.

ಬೆಂಗಳೂರಿನಿಂದ ಊರಿಗೆ ಹೊರಟಿದ್ದೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಗಿಸಿ, ತುಮಕೂರು ದಾಟಿದ ಮೇಲೆ ಯೆಸ್‌ನ ‘ಕ್ಲೋಸ್ ಟು ದಿ ಎಡ್ಜ್’ ಹಾಕಿದೆ. ಶುರುವಿನಲ್ಲಿ ನೀರು ಹರಿಯುವ ಸದ್ದು, ಹಕ್ಕಿ ಕೂಗು. ಮಾವ ಅಂದರು, “ಹಿಂದಿನ ಗ್ಲಾಸ್ ತೆಗೆದಿದೆಯಾ ನೋಡಿ ಅಳಿಯಂದ್ರೆ.” ಅಷ್ಟರಲ್ಲಿ ಬ್ಯಾಂಡ್ ನುಗ್ಗಿತು. ಸ್ಟೀವ್ ಹೋವ್ ಗಿಟಾರ್ ಒಂದು ದಿಕ್ಕಿಗೆ, ಕ್ರಿಸ್ ಸ್ಕ್ವೈರ್ ಬೇಸ್ ಇನ್ನೊಂದು ದಿಕ್ಕಿಗೆ. ಮಾವ ನೆಟ್ಟಗೆ ಕೂತರು. “ಬಾನೆಟ್ ಒಳಗೆ ಏನೋ ಸದ್ದು ಬರ್ತಿದೆ, ಸೈಡಿಗೆ ಹಾಕಿ.” ತಮಾಷೆಗೆ ಅಂದದ್ದಲ್ಲ, ಗಾಬರಿಯಲ್ಲೇ ಅಂದದ್ದು.

ಹಾಡಿನ ನಡುವೆ ಎಲ್ಲಾ ತಣ್ಣಗಾಗುವ ಭಾಗ ಇದೆಯಲ್ಲ, ರಸ್ತೆ ಸದ್ದಿನಲ್ಲಿ ಅದು ಕೇಳಿಸಲೇ ಇಲ್ಲ. ನಾನು ವಾಲ್ಯೂಮ್ ಏರಿಸಿದೆ. ಆಮೇಲೆ ಬಂತು ರಿಕ್ ವೇಕ್‌ಮನ್ ಚರ್ಚ್ ಆರ್ಗನ್. ಲಂಡನ್ನಿನ ಸೇಂಟ್ ಜೈಲ್ಸ್ ಚರ್ಚಿನಲ್ಲಿ ನುಡಿಸಿದ ನಿಜವಾದ ಪೈಪ್ ಆರ್ಗನ್ ಅದು. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗಳು ಚಿಟ್ಟನೆ ಚೀರಿದಳು. ಹೆಂಡತಿ ನೋಡಿದ ನೋಟ ಬೇಡ ಬಿಡಿ. ಹಾಡು ಮುಗಿಯುವ ಹೊತ್ತಿಗೆ ಗುಬ್ಬಿ ಊರು ಹತ್ತಿರ ಬಂದಿತ್ತು. “ಇಷ್ಟೂ ಒಂದೇ ಹಾಡಾ?” ಅಂತ ಕೇಳಿ ಮಾವ ಮಲಗಿದವರು ಅರಸೀಕೆರೆಯಲ್ಲೇ ಎದ್ದದ್ದು.

ನಾನೂ ನಿಮ್ಮ ಹಾಗೇ ಮೂರು ತಿಂಗಳು ಸಿಕ್ಕವರ ಹತ್ತಿರೆಲ್ಲ ಡ್ಯಾಡ್ ರಾಕ್ ಮಂದಿಗೆ ತಾಳ್ಮೆ ಇಲ್ಲ ಅಂತ ಬೈದುಕೊಂಡು ಓಡಾಡಿದೆ. ತಪ್ಪು ಅವರದ್ದಾಗಿರಲಿಲ್ಲ. ಪ್ರಾಗ್‌ನಲ್ಲಿ ಮೆಲ್ಲಗಿನ ಭಾಗಕ್ಕೂ ಜೋರಿನ ಭಾಗಕ್ಕೂ ಅಂತರ ಜಾಸ್ತಿ. ಓಡುವ ಕಾರಿನಲ್ಲಿ ಮೆಲ್ಲಗಿನದು ಸತ್ತುಹೋಗುತ್ತದೆ, ಜೋರಿನದು ತಲೆಗೆ ಬಡಿಯುತ್ತದೆ. ಡ್ಯಾಡ್ ರಾಕ್ ಕಾರಿಗೆ ಹೇಳಿ ಮಾಡಿಸಿದ್ದು. ಅದು ಅದರ ದೋಷ ಅಲ್ಲ, ಗುಣ.

ಈಗ ನನಗೆ ಫಲ ಕೊಟ್ಟ ದಾರಿ. ಮೊದಲು ‘ಟೆಲಿಗ್ರಾಫ್ ರೋಡ್’ ಹಾಕಿ. ಡೈರ್ ಸ್ಟ್ರೇಟ್ಸ್, 1982, ‘ಲವ್ ಓವರ್ ಗೋಲ್ಡ್’ ಆಲ್ಬಮ್ಮಿನ ಮೊದಲ ಹಾಡು, 14 ನಿಮಿಷ ಚಿಲ್ಲರೆ. ಇಡೀ ಆಲ್ಬಮ್ಮಿನಲ್ಲಿ ಇರುವುದೇ ಐದು ಹಾಡು. ಡ್ಯಾಡ್ ರಾಕ್ ಮನೆಯ ದೊಡ್ಡ ಮಗ ಪ್ರಾಗ್ ಅಂಗಿ ಹಾಕಿಕೊಂಡು ಬಂದ ಹಾಗಿದೆ. ಆದರೆ ದನಿ ಮಾರ್ಕ್ ನಾಫ್ಲರ್‌ದು, ಗಿಟಾರ್ ಅವರದ್ದೇ. ಕೇಳುವವರಿಗೆ ಪರಿಚಯದ ಮುಖ. ಒಬ್ಬ ಕಾಡಿನಲ್ಲಿ ಬಂದು ಬಿಡಾರ ಹೂಡುತ್ತಾನೆ, ಊರಾಗುತ್ತದೆ, ಚರ್ಚು ಶಾಲೆ ಬರುತ್ತವೆ, ಆಮೇಲೆ ಕೆಲಸ ಹೋಗುತ್ತದೆ. ಅಮೆರಿಕದ ಡೆಟ್ರಾಯ್ಟ್ ಕಡೆಯ ರಸ್ತೆ ಅದು. ಮಾವ ಮನೆಯಲ್ಲಿ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಗಿದ ಮೇಲೆ, “ಇದು ನಮ್ಮ ಭದ್ರಾವತಿ ಕತೆ ಅಲ್ವಾ?” ಅಂದರು. ಹದಿನಾಲ್ಕು ನಿಮಿಷ ಆಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ನೀವೂ ಬಿಡಬೇಡಿ. ಮಧ್ಯದಲ್ಲಿ “ಈಗ ಬರುತ್ತೆ ನೋಡಿ” ಅನ್ನುವ ಚಟ ಇದ್ದರೆ ಎದ್ದು ಅಡುಗೆಮನೆಗೆ ಹೋಗಿ.

ಎರಡನೇ ದಿನಕ್ಕೆ ‘ಮನಿ’. ಪಿಂಕ್ ಫ್ಲಾಯ್ಡ್, 1973. ಎಲ್ಲಾ ಅಪ್ಪಂದಿರಿಗೂ ಗೊತ್ತಿರುವ ಹಾಡು. ಅದರ ತಾಳದ ಒಂದು ಸುತ್ತಿಗೆ ಏಳು ಏಟು ಅಂತ ಮಾತ್ರ ಯಾರೂ ಗಮನಿಸಿರುವುದಿಲ್ಲ. ಶುರುವಿನ ಚಿಲ್ಲರೆ ಸದ್ದು, ಗಲ್ಲಾಪೆಟ್ಟಿಗೆ ಸದ್ದು ಕೂಡ ಟೇಪ್ ಕತ್ತರಿಸಿ ಅಂಟಿಸಿ ಏಳಕ್ಕೆ ಕೂರಿಸಿದ್ದು. ತಕಿಟ ತಕಧಿಮಿ, ಮೂರು-ನಾಲ್ಕರ ಮಿಶ್ರ ಛಾಪು ತಾಳ ಅಂತ ಮಾವನಿಗೆ ಒಂದೇ ಮಾತು ಹೇಳಿದೆ. ಕೈ ತೊಡೆಗೆ ಹೋಯಿತು. ಸ್ಯಾಕ್ಸೊಫೋನ್ ಮುಗಿಯುವವರೆಗೂ ತಪ್ಪದೆ ಹಾಕಿದರು. ಗಿಟಾರ್ ಸೋಲೋ ಶುರುವಾಗುತ್ತಿದ್ದ ಹಾಗೇ ಕೈ ತಡವರಿಸಿತು. ಎರಡು ಸಲ ನಿಲ್ಲಿಸಿ, ಮತ್ತೆ ಹಿಡಿದು, “ಇಲ್ಲಿ ಆದಿತಾಳಕ್ಕೆ ಬಂದ್ಬಿಟ್ರು!” ಅಂದರು. ಹೌದು, ಸೋಲೋ ನಾಲ್ಕರಲ್ಲಿದೆ, ಆಮೇಲೆ ಮತ್ತೆ ಏಳು. ನಲವತ್ತು ವರ್ಷದಿಂದ ಕೇಳುತ್ತಿದ್ದ ಹಾಡಿನಲ್ಲಿ ಅದನ್ನು ಅವರೇ ಕಂಡುಹಿಡಿದರು. ಮಾರನೇ ದಿನ ತಾವೇ, “ಇಂಥದ್ದು ಇನ್ನೇನಿದೆ?” ಅಂದರು.

ಹಾಗಂತ ಸಿಕ್ಕಿದ್ದಕ್ಕೆಲ್ಲ ತಾಳ ಹಚ್ಚಬೇಡಿ. ‘ಮನಿ’ಯಲ್ಲಿ ಮತ್ತೆ ಮತ್ತೆ ಬರುವ ಮಟ್ಟಿನ (ರಿಫ್) ಒತ್ತು ಮೂರು-ನಾಲ್ಕು ಅಂತ ಸರಿಯಾಗಿ ಬೀಳುವುದಿಲ್ಲ, ಎಣಿಕೆ ಹಿಡಿಯಲು ಅಷ್ಟು ಸಾಕು. ಕಿಂಗ್ ಕ್ರಿಮ್ಸನ್ ಬ್ಯಾಂಡಿನ ‘ಸ್ಟಾರ್‌ಲೆಸ್’ನ ಹದಿಮೂರು ಏಟಿನ ಲೆಕ್ಕವನ್ನು ತಂದು ಮೊದಲ ವಾರವೇ ಎಣಿಸಿ ಅಂದರೆ ಮತ್ತೆ ಆ ಕಾರಿನ ಕತೆಯೇ. ತಾಳದ ಅಭ್ಯಾಸವೇ ಇಲ್ಲದವರಿಗೆ ಎಣಿಕೆ ಸುದ್ದಿ ಎತ್ತಲೇಬೇಡಿ, ಅವರಿಗೆ ರಾಗದ ಕಡೆಯಿಂದ ಹೋಗಿ. ಜೆಥ್ರೊ ಟಲ್ ಬ್ಯಾಂಡಿನ 1969ರ ‘ಬೂರೇ’ ಹಾಕಿ, ಹಳೇ ಜರ್ಮನ್ ಸಂಗೀತಗಾರ ಬಾಖ್‌ನ ಮಟ್ಟು, ಕೊಳಲು ಇದೆ, ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಅವರದ್ದೇ ‘ಥಿಕ್ ಆ್ಯಸ್ ಎ ಬ್ರಿಕ್’ ಆಮೇಲೆ. ಎಲ್‌ಪಿಯ, ಅಂದರೆ ಗ್ರಾಮಫೋನ್ ತಟ್ಟೆಯ, ಎರಡೂ ಮಗ್ಗುಲಿಗೆ ಒಂದೇ ಹಾಡು, ಅದೂ ಕಾನ್ಸೆಪ್ಟ್ ಆಲ್ಬಮ್ಮುಗಳನ್ನು (ಇಡೀ ಆಲ್ಬಮ್ಮಿಗೆ ಒಂದೇ ವಸ್ತು ಹೆಣೆದವು) ಅಣಕಿಸಲು ಮಾಡಿದ್ದು. ನಮ್ಮ ಪ್ರಾಗ್ ಭಕ್ತರು ಆ ಅಣಕವನ್ನೇ ದೇವರ ಕೋಣೆಯಲ್ಲಿಟ್ಟು ಪೂಜೆ ಮಾಡುತ್ತಾರೆ!

ಇನ್ನು ಕಮೆಂಟಿನ ಜಗಳ. ಡ್ಯಾಡ್ ರಾಕ್ ಅನ್ನುವುದು ಒಂದು ಬಗೆಯ ಸಂಗೀತ ಅಲ್ಲ, ಬೈಗುಳ. 2007ರಲ್ಲಿ ಪಿಚ್‌ಫೋರ್ಕ್ ಅನ್ನುವ ಸಂಗೀತ ವೆಬ್‌ಸೈಟಿನ ವಿಮರ್ಶೆಯೊಂದು ವಿಲ್ಕೋ ಬ್ಯಾಂಡಿನ ಆಲ್ಬಮ್ಮಿಗೆ ಈ ಮಾತು ಅಂಟಿಸಿದ ಮೇಲೆ ಅದು ಜಾಸ್ತಿ ಓಡಾಡಿತು. ಡ್ಯಾಡ್ ರಾಕ್ ಸುಲಭ ಅನ್ನುವವರು ಸ್ಟೀಲಿ ಡ್ಯಾನ್‌ನ ‘ಏಜಾ’ ಹಾಕಿ, ಸ್ಟೀವ್ ಗ್ಯಾಡ್ ಡ್ರಮ್ಸ್ ಜೊತೆ ಬೆರಳು ಕುಟ್ಟಿ ನೋಡಿ. ಎರಡು ನಿಮಿಷ ಉಳಿದರೆ ಮಾತಾಡೋಣ. ಪ್ರಾಗ್ ಅಂದರೆ ರಾಜಿ ಇಲ್ಲದವರು ಅನ್ನುವವರು 1982ರ ಏಷಿಯಾ ಬ್ಯಾಂಡ್ ನೋಡಿ. ಯೆಸ್‌ನಿಂದ ಇಬ್ಬರು, ‘ಟಾರ್ಕಸ್’ ಮಾಡಿದ ಇಎಲ್‌ಪಿ ಬ್ಯಾಂಡಿನ ಕಾರ್ಲ್ ಪಾಮರ್, ಕಿಂಗ್ ಕ್ರಿಮ್ಸನ್‌ನ ಜಾನ್ ವೆಟ್ಟನ್. ನಾಲ್ವರೂ ಸೇರಿ ಮಾಡಿದ್ದು ಪಕ್ಕಾ ರೇಡಿಯೋ ಹಾಡು. ಜೆನೆಸಿಸ್ ಬ್ಯಾಂಡಿನ ‘ಸಪ್ಪರ್ಸ್ ರೆಡಿ’ಯಲ್ಲಿ ಡ್ರಮ್ಸ್ ಮೇಲೆ ಒಂಬತ್ತರ ಲೆಕ್ಕ ಬಾರಿಸಿದ ಫಿಲ್ ಕಾಲಿನ್ಸ್ ಕೈಯೇ ಆಮೇಲೆ ‘ಇನ್ ದಿ ಏರ್ ಟುನೈಟ್’ ಅನ್ನುವ ರೇಡಿಯೋ ಹಾಡು ಬಾರಿಸಿದ್ದು. ಒಂದೇ ಮನೆಯವರನ್ನು ನೀವು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸುತ್ತಿದ್ದೀರಿ. ಅದಿರಲಿ, ‘ಮನಿ’ ಇರುವ ಆಲ್ಬಮ್ ‘ಡಾರ್ಕ್ ಸೈಡ್’ಗೆ ಐವತ್ತು ವರ್ಷ ದಾಟಿತು. ಈಗ ಅದನ್ನು ಕೇಳುವವರೇ ಅಪ್ಪಂದಿರು. ನಾನೂ ಸೇರಿ.

ಸಾಮಾನಿನ ವಿಷಯ. ಬ್ಲೂಟೂತ್ ಡಬ್ಬಿಯಲ್ಲಿ ಪ್ರಾಗ್ ಕೇಳಿಸಬೇಡಿ, ಬೇಸೂ ಆರ್ಗನ್ನೂ ಕಲಸಿ ಗಂಜಿಯಾಗುತ್ತದೆ. ವಯಸ್ಸಾದವರಿಗೆ ಭಾರದ ಹೆಡ್‌ಫೋನ್ ಕೊಟ್ಟರೆ ಹತ್ತು ನಿಮಿಷಕ್ಕೆ ಕಿವಿ ಬೆವರಿ ತೆಗೆದಿಡುತ್ತಾರೆ, ಬೈಗುಳ ಮಾತ್ರ ಹಾಡಿಗೆ. ಕಾಸ್ ಪೋರ್ಟಾ ಪ್ರೋ ಅನ್ನುವ ಹಗುರ ಹೆಡ್‌ಫೋನ್ ಸಾಕು. 1984ರಿಂದ ಹೆಚ್ಚುಕಡಿಮೆ ಅದೇ ಆಕಾರ, ನೋಡಲು ಆಟಿಕೆ, ಕೇಳಲು ಚೆಂದ. ಮಾವ ಈಗ ನನ್ನದನ್ನೇ ಇಟ್ಟುಕೊಂಡಿದ್ದಾರೆ, ವಾಪಸ್ ಬರುವ ಲಕ್ಷಣ ಇಲ್ಲ. ಆ್ಯಪಿನಲ್ಲಿ ಶಫಲ್ (ಹಾಡಿನ ಸಾಲು ಕಲಸುವುದು), ಕ್ರಾಸ್‌ಫೇಡ್ (ಒಂದರ ಕೊನೆ ಇನ್ನೊಂದರ ಶುರುವಿಗೆ ಬೆರೆಸುವುದು) ಎರಡೂ ಆಫ್ ಇರಲಿ. ಯೂಟ್ಯೂಬಿನಲ್ಲಿ ಕೇಳಿಸಿದರೆ ಹಾಡಿನ ನಡುವೆ ಸಾಬೂನು ಜಾಹೀರಾತು ಬರುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ. ‘ಕ್ಲೋಸ್ ಟು ದಿ ಎಡ್ಜ್’ಗೆ ಸ್ಟೀವನ್ ವಿಲ್ಸನ್ ಮಾಡಿದ 2013ರ ರೀಮಿಕ್ಸ್ (ಹಳೇ ರೆಕಾರ್ಡಿಂಗನ್ನೇ ಹೊಸದಾಗಿ ಹದ ಮಾಡಿದ್ದು) ಹೊಸಬರಿಗೆ ವಾಸಿ, ವಾದ್ಯಗಳು ಬಿಡಿ ಬಿಡಿಯಾಗಿ ಕೇಳುತ್ತವೆ. ಹಳೇದೇ ಬೇಕು ಅನ್ನುವವರ ಜೊತೆ ನನಗೆ ವಾದ ಇಲ್ಲ.

ಕೊನೆಯಲ್ಲಿ ಎಲ್‌ಪಿ ತಗೊಳ್ಳಲೇ ಅಂತ ಕೇಳಿದ್ದಿರಿ. ‘ಸಪ್ಪರ್ಸ್ ರೆಡಿ’ ಇರುವ ಆಲ್ಬಮ್ ‘ಫಾಕ್ಸ್‌ಟ್ರಾಟ್’ನ ಎರಡನೇ ಮಗ್ಗುಲು 24 ನಿಮಿಷ ದಾಟುತ್ತದೆ. ಮುಳ್ಳು ಓಡುವ ಗೆರೆಗಳು ಒತ್ತೊತ್ತಾಗಿರುವುದರಿಂದ ದನಿ ಸಣ್ಣದು, ಆ ಹಾಡಿನ ಕ್ಲೈಮ್ಯಾಕ್ಸ್ ತಟ್ಟೆಯ ನಡುವಿನ ಲೇಬಲ್ ಹತ್ತಿರ ಬಂದು ಕೂರುತ್ತದೆ. ಮುಳ್ಳಿನ ಅಲೈನ್‌ಮೆಂಟ್ ಸರಿ ಇಲ್ಲದಿದ್ದರೆ ದನಿ ಅಲ್ಲೇ ಒಡೆಯುವುದು. ಸೂಟ್‌ಕೇಸ್ ಪ್ಲೇಯರ್ ಇದ್ದರೆ ಸುಮ್ನೆ ದುಡ್ಡು ದಂಡ. ಅಪ್ಪನಿಗೆ ಡೈರ್ ಸ್ಟ್ರೇಟ್ಸ್‌ನ ‘ಬ್ರದರ್ಸ್ ಇನ್ ಆರ್ಮ್ಸ್’ ಕೊಡುವುದಾದರೆ ಗಮನಿಸಿ, 1985ರ ಒಂಟಿ ಎಲ್‌ಪಿಯಲ್ಲಿ ಜಾಗ ಸಾಲದೆ ಹಾಡುಗಳನ್ನು ಮೊಟಕು ಮಾಡಿದ್ದಾರೆ. ಸೀಡಿಯಲ್ಲಿ ‘ಮನಿ ಫಾರ್ ನಥಿಂಗ್’ ಎಂಟು ನಿಮಿಷ ದಾಟುತ್ತದೆ, ಆ ಎಲ್‌ಪಿಯಲ್ಲಿ ಏಳರ ಹತ್ತಿರ ನಿಲ್ಲುತ್ತದೆ. ಕ್ಯಾಸೆಟ್‌ನಲ್ಲಿ ಪೂರ್ತಿ ಕೇಳಿದವರು ತಕ್ಷಣ ಹಿಡಿಯುತ್ತಾರೆ, ನಮ್ಮ ಮಾವ ಹಿಡಿದರು. ಪೂರ್ತಿ ಇರುವ ಎರಡು ಎಲ್‌ಪಿಯ ಹೊಸ ಮುದ್ರಣವನ್ನೇ ಹುಡುಕಿ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ದುಡ್ಡು ಕೊಡುವ ಮೊದಲು ಲೇಬಲ್ಲಿನದ್ದೂ, ಪಕ್ಕದಲ್ಲಿ ಕೆತ್ತಿರುವ ನಂಬರಿನದ್ದೂ ಫೋಟೋ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.