ಇಂಗ್ಲೆಂಡಿನ ಮಿಡ್ ಸಫೋಕ್ ಥರದ ಹಳ್ಳಿಗಾಡಲ್ಲಿ 2023ರ ಡಿಸ್ಟ್ರಿಕ್ಟ್ ಕೌನ್ಸಿಲ್ (ಸ್ಥಳೀಯ ಆಡಳಿತ) ಚುನಾವಣೆಯಲ್ಲಿ ಪರಿಸರವಾದಿ ಗ್ರೀನ್ ಪಾರ್ಟಿ ಹೇಗೆ ಗೆದ್ದಿತು?

ವಾರ್ಡ್‌ಗಳು ತುಂಬಾ ಚಿಕ್ಕವು, ಗ್ರೀನ್‌ನೋರು ವರ್ಷಗಟ್ಟಲೆ ಮನೆಮನೆ ಸುತ್ತಿದ್ರು, ಅದಕ್ಕೇ ಗೆದ್ರು. ಇಡೀ ಡಿಸ್ಟ್ರಿಕ್ಟ್‌ನಲ್ಲಿ ಇರೋದೇ ಸುಮಾರು 1 ಲಕ್ಷ ಜನ, ಕೌನ್ಸಿಲ್ ಸೀಟು 34, ಅಂದ್ರೆ ಒಂದು ಸೀಟಿಗೆ ಹತ್ತಿರ ಹತ್ತಿರ 3,000 ಜನ, ಅದ್ರಲ್ಲಿ ಓಟ್ ಹಾಕೋಕೆ ಬರೋರು ಇನ್ನೂ ಕಮ್ಮಿ, ಹಾಗಾಗಿ ಕೆಲವು ನೂರು ಓಟು ಆ ಕಡೆ ಈ ಕಡೆ ಆದ್ರೆ ಸೀಟೇ ಕೈ ಬದಲಾಗುತ್ತೆ.

ನಮ್ಮಲ್ಲಿ ಇರೋ ಹಾಗೇ ಅಲ್ಲೂ ಯಾರಿಗೆ ಹೆಚ್ಚು ಓಟೋ ಅವರೇ ಗೆದ್ದಂಗೆ, ಅರ್ಧಕ್ಕಿಂತ ಜಾಸ್ತಿ ಬೇಕಂತಿಲ್ಲ. ಆಗ ದೇಶ ಆಳ್ತಿದ್ದ ಕನ್ಸರ್ವೇಟಿವ್ ಪಾರ್ಟಿ ಮೇಲೆ ಸಿಟ್ಟಿದ್ದೋರೆಲ್ಲ ಲೇಬರ್ ಪಾರ್ಟಿ, ಇನ್ನೊಂದು ಪಾರ್ಟಿ ಅಂತ ಹಂಚಿಹೋಗದೆ ಗೆಲ್ಲೋ ಥರ ಕಾಣೋರ ಹಿಂದೆ ಹೋದ್ರು. 2019ರಲ್ಲಿ 12 ಇದ್ದ ಗ್ರೀನ್ ಸೀಟು 24 ಆಯ್ತು, ಕನ್ಸರ್ವೇಟಿವ್‌ಗೆ ಉಳಿದಿದ್ದು 6, ಲಿಬರಲ್ ಡೆಮೊಕ್ರಾಟ್‌ಗೆ 4. ಬ್ರಿಟನ್ನಿನಲ್ಲಿ ಒಂದು ಕೌನ್ಸಿಲ್‌ನಲ್ಲಿ ಗ್ರೀನ್‌ನೋರಿಗೆ ಪೂರ್ತಿ ಬಹುಮತ ಸಿಕ್ಕಿದ್ದು ಅದೇ ಮೊದಲು!

ಪರಿಸರ ಅಂತಲೇ ಜನ ಓಟ್ ಹಾಕಿದ್ರು ಅಂದ್ರೆ ನಾನಂತೂ ಪೂರ್ತಿ ಒಪ್ಪಲ್ಲ. ಯಾಕಂದ್ರೆ ಈ ಕೌನ್ಸಿಲ್ ನೋಡ್ಕೊಳ್ಳೋದು ಕಸ ಎತ್ತೋದು, ಹೊಲದ ಪಕ್ಕ ಹೊಸ ಮನೆ ಕಟ್ಟೋಕೆ ಪರ್ಮಿಷನ್ ಕೊಡೋದು, ಇಂಥವು. ರಸ್ತೆ, ಸ್ಕೂಲು ಮೇಲಿನ ಕೌಂಟಿ ಕೌನ್ಸಿಲ್‌ದು.